ಏಳದ ಕಂಪ್ಯೂಟರ್ ಮೊದಲು ಹೇಳಿದ್ದೇನು?

ಒಂದು ಸಣ್ಣ ಮುದ್ರಣಾಲಯದಿಂದ ಕರೆ ಬಂದಿತ್ತು. ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿದ್ದ ಕಂಪ್ಯೂಟರ್ ಏಳುತ್ತಿಲ್ಲ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಡಿ ಎಂದರು. ಅದರೊಳಗೆ ಆರು ವರ್ಷಗಳ ಪುಟವಿನ್ಯಾಸದ ಕಡತಗಳಿದ್ದವು. ಅಳಿಸುವ ಮಾತು ಆಮೇಲೆ, ಮೊದಲು ಅದು ಹೇಳುವುದನ್ನು ಓದೋಣ ಎಂದೆ.

ಅವರು ಮೊಬೈಲಿನಲ್ಲಿ ತೆಗೆದಿದ್ದ ಚಿತ್ರದಲ್ಲಿ ಇದ್ದದ್ದು ‘ಎಮರ್ಜೆನ್ಸಿ ಮೋಡ್’ ಎಂಬ ಕೊನೆಯ ಸಾಲುಗಳು ಮಾತ್ರ. ಕಾರಣ ಅದಕ್ಕಿಂತ ಮೇಲೆ ಇರುತ್ತದೆ. ಉಬುಂಟುವನ್ನು ಎಬ್ಬಿಸುವ ‘ಗ್ರಬ್’ ತಂತ್ರಾಂಶದ ಮೆನುವಿನಲ್ಲಿ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನಿಂದ ‘ಕ್ವಯಟ್’, ‘ಸ್ಪ್ಲಾಶ್’ ಎಂಬ ಎರಡು ಪದಗಳನ್ನು ತೆಗೆದು ಎಫ್10 ಒತ್ತಿದೆ. ಲಾಂಛನ ಮರೆಯಾಗಿ ಸಂದೇಶಗಳು ಹರಿಯತೊಡಗಿದವು. ಈ ಬದಲಾವಣೆ ಆ ಒಂದು ಸಲಕ್ಕಷ್ಟೇ ಅನ್ವಯಿಸುತ್ತದೆ, ಆದ್ದರಿಂದ ಹೆದರಬೇಕಿಲ್ಲ.

ಒಂದು ಡಿಸ್ಕ್‌ನ ಯುಯುಐಡಿ (ಅದನ್ನು ಗುರುತಿಸುವ ಉದ್ದನೆಯ ಸಂಕೇತ) ಹಿಡಿದು ಯಂತ್ರ 90 ಸೆಕೆಂಡು ಕಾಯಿತು. ಬಳಿಕ ‘ಟೈಮ್ಡ್ ಔಟ್’, ಅದರ ಬೆನ್ನಿಗೇ ಸಾಲುಸಾಲಾಗಿ ‘ಡಿಪೆಂಡೆನ್ಸಿ ಫೇಲ್ಡ್’. ಸೋತದ್ದು ಒಂದೇ ಕೆಲಸ, ಅದನ್ನು ನೆಚ್ಚಿಕೊಂಡಿದ್ದ ಉಳಿದವು ಜೊತೆಗೆ ಬಿದ್ದವು. ವಿಚಾರಿಸಿದಾಗ ತಿಳಿಯಿತು: ಎರಡನೇ ಹಾರ್ಡ್ ಡಿಸ್ಕನ್ನು ಹಿಂದಿನ ದಿನ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದ್ದರು. ಏಳುವಾಗ ಯಾವ ಡಿಸ್ಕ್‌ಗಳನ್ನು ಜೋಡಿಸಿಕೊಳ್ಳಬೇಕೆಂದು ಹೇಳುವ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಅದರ ಹೆಸರು ಹಾಗೆಯೇ ಉಳಿದಿತ್ತು. ಯಂತ್ರ ಆ ಸಾಲನ್ನು ಬಿಟ್ಟುಬಿಡಲೆಂದು ಅದರ ಮುಂದೆ ಒಂದು ಹ್ಯಾಶ್ ಚಿಹ್ನೆ (#) ಹಾಕಿದೆ. ಯಂತ್ರ ಎದ್ದಿತು. ಆಗಾಗ ಬಿಚ್ಚಿ ಹಾಕುವ ಡಿಸ್ಕ್ ಆದರೆ ಅದು ಇಲ್ಲದಿದ್ದರೂ ಯಂತ್ರ ಏಳುವಂತೆ ಅದೇ ಸಾಲಿನಲ್ಲಿ ‘ನೋಫೇಲ್’ (nofail) ಎಂದು ಸೇರಿಸಿಡಿ.

ಸಂದೇಶಗಳು ಓದಲಾಗದಷ್ಟು ವೇಗವಾಗಿ ಸರಿದುಹೋದರೆ ಚಿಂತೆ ಬೇಡ. ಯಂತ್ರ ಎದ್ದ ಮೇಲೆ ‘ಡಿಮೆಸ್ಗ್’ (dmesg) ಆದೇಶ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಸಾಲುಗಳನ್ನು ತೋರಿಸುತ್ತದೆ. ಪ್ರತಿ ಸಾಲಿನ ಆರಂಭದ ಅಂಕಿ, ಕರ್ನೆಲ್ ಶುರುವಾಗಿ ಎಷ್ಟು ಸೆಕೆಂಡು ಕಳೆಯಿತು ಎಂಬ ಲೆಕ್ಕ. ಅಂಕಿ 4ರಿಂದ 94ಕ್ಕೆ ಹಾರಿದ್ದರೆ ನಿಮ್ಮ ಕಣ್ಣು ಅಲ್ಲಿಯೇ ನಿಲ್ಲಬೇಕು. ಹಿಂದಿನ ಸಲದ ಕಥೆ ಬೇಕಿದ್ದರೆ ವ್ಯವಸ್ಥೆಯ ದಾಖಲೆಯನ್ನು ತೋರಿಸುವ ‘ಜರ್ನಲ್‌ಸಿಟಿಎಲ್’ (journalctl) ಆದೇಶಕ್ಕೆ ‘-ಬಿ -1’ (-b -1) ಸೇರಿಸಬೇಕು. ಯಂತ್ರ ಏಳುವುದೇ ಇಲ್ಲವೆಂದರೆ ಪೆನ್‌ಡ್ರೈವ್‌ನಲ್ಲಿರುವ ಲೈವ್ ಉಬುಂಟುವಿನಿಂದ ಅದೇ ದಾಖಲೆಯನ್ನು ತೆರೆಯಬಹುದು.

ಕೆಂಪಾಗಿ ಕಂಡದ್ದೆಲ್ಲ ರೋಗವಲ್ಲ. ವಿದ್ಯುತ್ ನಿರ್ವಹಣೆಗೆ ಸಂಬಂಧಿಸಿದ ‘ಎಸಿಪಿಐ’ ದೋಷದ ಸಾಲುಗಳು ಸರಿಯಾಗಿ ನಡೆಯುವ ಲ್ಯಾಪ್‌ಟಾಪ್‌ಗಳಲ್ಲೂ ಬರುತ್ತವೆ. ನನಗೆ ನಿಜವಾಗಿ ಭಯವಾಗುವುದು ಡಿಸ್ಕ್‌ನ ಹೆಸರು, ಸೆಕ್ಟರ್ ಸಂಖ್ಯೆಯ ಸಹಿತ ‘ಐ/ಒ ಎರರ್’ (ಓದು-ಬರಹದ ದೋಷ) ಮತ್ತೆ ಮತ್ತೆ ಬಂದಾಗ. ಆಗ ದುರಸ್ತಿಗೆ ಕೈಹಾಕಬೇಡಿ, ಮರುಸ್ಥಾಪನೆಯನ್ನಂತೂ ಮಾಡಲೇಬೇಡಿ. ಡಿಸ್ಕ್ ಇನ್ನೂ ಓದಿಸಿಕೊಳ್ಳುತ್ತಿರುವಾಗಲೇ ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ.