ಹೊಡೆದವನಿಗೆ ಕೇಳದ ಪ್ರಶ್ನೆ

1964ರಲ್ಲಿ ಅಮೆರಿಕದ ಮನೋವೈದ್ಯರ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬಂತು. ಬರೆದವರು ಸ್ನೆಲ್, ರೋಸನ್‌ವಾಲ್ಡ್ ಮತ್ತು ರೋಬಿ. ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಊರಿನ ಕೋರ್ಟಿಗೆ ಸೇರಿದ ಕ್ಲಿನಿಕ್ಕಿನ ಅನುಭವ ಅದು. ಹೆಂಡತಿಗೆ ಹೊಡೆದರೆಂಬ ದೂರಿನ ಮೇಲೆ ಕೋರ್ಟು ಹತ್ತಿದ 37 ಗಂಡಸರ ಪ್ರಕರಣಗಳು ಅವರ ಮುಂದಿದ್ದವು. ಅವುಗಳಲ್ಲಿ 12 ಸಂಸಾರಗಳನ್ನು ಹತ್ತಿರದಿಂದ ನೋಡಿದರು. ಲೇಖನದ ಹೆಸರಿನಲ್ಲಿ ಮಾತ್ರ ಗಂಡಸು ಹಿಂದೆ ಸರಿದಿದ್ದ. ಕನ್ನಡದಲ್ಲಿ ಹೇಳುವುದಾದರೆ ಅದು ‘ಹೆಂಡತಿಗೆ ಹೊಡೆಯುವವನ ಹೆಂಡತಿ’.

ಹೀಗಾಗಲು ಕಾರಣ ತೀರಾ ಸರಳ. ಗಂಡಸರು ಮಾತಿಗೆ ಸಿಗಲಿಲ್ಲ. ನಮ್ಮ ಸಂಸಾರದಲ್ಲಿ ಅಂಥದ್ದೇನೂ ಇಲ್ಲ ಎಂದು ಜಾರಿಕೊಂಡರು. ಹೆಂಗಸರು ಬಂದು ಕೂತರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಉತ್ತರ ಕೊಟ್ಟವರೇ ಪರೀಕ್ಷೆಗೂ ಒಳಗಾದರು. ವೈದ್ಯರ ಪ್ರಕಾರ ಈ ಹೆಂಡಂದಿರು ಜೋರಿನವರು, ಮನೆವಾರ್ತೆಯಲ್ಲಿ ಗಟ್ಟಿಗಿತ್ತಿಯರು, ಗಂಡುಬೀರಿಯರು, ಹಾಸಿಗೆಯಲ್ಲಿ ತಣ್ಣಗಿರುವವರು. ಒಳಮನಸ್ಸಿನಲ್ಲಿ ನೋವನ್ನು ಬಯಸುವವರು. ಗಂಡನ ಹೊಡೆತ ಅವಳ ಯಾವುದೋ ಆಳದ ಅಗತ್ಯವನ್ನು ಪೂರೈಸುತ್ತದೆ ಎನ್ನುವವರೆಗೆ ಅವರ ತರ್ಕ ಹೋಯಿತು.

ಇದನ್ನು ಓದಿ ನಗು ಬರಬಹುದು. ಆದರೆ ‘ಅವಳು ಬಾಯಿ ಮುಚ್ಕೊಂಡಿದ್ರೆ ಅವನ್ಯಾಕೆ ಕೈ ಮಾಡ್ತಿದ್ದ’ ಎಂದು ನಮ್ಮ ಜಗಲಿಯ ಮೇಲೆ ಹೇಳುವುದೂ ಇದೇ ಮಾತು. ಅಲ್ಲಿ ಅದು ವೈದ್ಯರ ಭಾಷೆಯಲ್ಲಿ ಅಚ್ಚಾಗಿತ್ತು, ಅಷ್ಟೇ ವ್ಯತ್ಯಾಸ.

ಮುಂದಿನ ಹದಿನೈದು ವರ್ಷಗಳಲ್ಲಿ ಈ ಮಾತನ್ನು ಮೊದಲು ಅಲುಗಾಡಿಸಿದ್ದು ಮನೋವಿಜ್ಞಾನವಲ್ಲ. 1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಜ್ಜಿ ಒಂದು ಮನೆಯ ಬಾಗಿಲು ತೆರೆದಿಟ್ಟರು. ಏಟು ತಿಂದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಬಂದರು, ಬರುತ್ತಲೇ ಇದ್ದರು. ಇಷ್ಟು ಜನರೆಲ್ಲ ಹೊಡೆತ ಬೇಡಿ ಪಡೆದವರೆಂದು ನಂಬುವುದು ಕಷ್ಟವಾಯಿತು.

1979ರಲ್ಲಿ ಅಮೆರಿಕದ ಮನೋವಿಜ್ಞಾನಿ ಲೆನೋರ್ ವಾಕರ್ ಬೇರೊಂದು ವಿವರಣೆ ಮುಂದಿಟ್ಟರು. 60ರ ದಶಕದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು ನಾಯಿಗಳ ಮೇಲೆ ಪ್ರಯೋಗ ಮಾಡಿದ್ದರು. ತಪ್ಪಿಸಿಕೊಳ್ಳಲಾಗದಂತೆ ಮತ್ತೆ ಮತ್ತೆ ಶಾಕ್ ಕೊಟ್ಟ ನಾಯಿಗಳಲ್ಲಿ ಬಹಳಷ್ಟು, ಆಮೇಲೆ ದಾರಿ ತೆರೆದಿಟ್ಟರೂ ಏಳದೆ ಬಿದ್ದುಕೊಂಡಿದ್ದವು. ಅದನ್ನು ‘ಕಲಿತ ಅಸಹಾಯಕತೆ’ ಎಂದರು. ಹೊಡೆಸಿಕೊಳ್ಳುವ ಹೆಂಗಸು ಮನೆ ಬಿಡದಿರುವುದೂ ಹೀಗೆಯೇ ಎಂದು ವಾಕರ್ ವಾದಿಸಿದರು. ಹಿಂಸೆಗೆ ಒಂದು ಸುತ್ತು ಇದೆಯೆಂದೂ ಹೇಳಿದರು: ಮನೆಯಲ್ಲಿ ಬಿಗಿ ಏರುತ್ತದೆ, ಒಂದು ದಿನ ಹೊಡೆತ ಬೀಳುತ್ತದೆ, ಆಮೇಲೆ ಅಳು, ಕ್ಷಮೆ, ಹೂವು. ನಮ್ಮಲ್ಲಿ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಅನ್ನುತ್ತಾರಲ್ಲ, ಆ ಗಾದೆ ಈ ಮೂರನೆಯ ಹಂತವನ್ನಷ್ಟೇ ನೋಡಿದೆ. ವಾಕರ್ ಅವರ ವಿವರಣೆ ಎಷ್ಟೋ ಹೆಂಗಸರಿಗೆ ಕೋರ್ಟಿನಲ್ಲಿ ನೆರವಾಯಿತು. ಆದರೂ ಗಮನಿಸಿ, ದೀಪ ಹಿಡಿದದ್ದು ಮತ್ತೆ ಅವಳ ಮನಸ್ಸಿನ ಮೇಲೆಯೇ.

ಹಳೆಯ ಮಾತು ಅಷ್ಟು ಸುಲಭಕ್ಕೆ ಸಾಯಲೂ ಇಲ್ಲ. 80ರ ದಶಕದ ಮಧ್ಯದಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಗೆ, ನೋವನ್ನು ತಾನೇ ಹುಡುಕಿಕೊಂಡು ಹೋಗುವ ಒಂದು ವ್ಯಕ್ತಿತ್ವ ದೋಷವನ್ನು ಸೇರಿಸಲು ಹೊರಟಿತು. ಏಟು ತಿನ್ನುವ ಹೆಂಗಸಿಗೆಲ್ಲ ಈ ಚೀಟಿ ಅಂಟಿಸುತ್ತಾರೆಂದು ಪಾಲಾ ಕ್ಯಾಪ್ಲನ್ ಮೊದಲಾದ ಮನೋವಿಜ್ಞಾನಿಗಳು ಎದ್ದು ನಿಂತರು. ಜಗಳದ ನಂತರ ಹೆಸರು ಬದಲಾಯಿತು, 1987ರ ಆವೃತ್ತಿಯಲ್ಲಿ ಅದು ಅನುಬಂಧಕ್ಕೆ ಸರಿಯಿತು, 1994ರ ಹೊತ್ತಿಗೆ ಪೂರ್ತಿ ಬಿದ್ದುಹೋಯಿತು.

ಹಾಗಾದರೆ ಗಂಡಸನ್ನು ಕೇಳಿದ್ದು ಯಾವಾಗ? 80ರ ದಶಕದಲ್ಲಿ, ಅದೂ ಕೋರ್ಟುಗಳ ಬಲವಂತದಿಂದ. ಹೊಡೆದವನಿಗೆ ಜೈಲಿನ ಬದಲು ತಿದ್ದುವ ತರಗತಿಗೆ ಹೋಗೆಂದು ನ್ಯಾಯಾಧೀಶರು ಆದೇಶಿಸತೊಡಗಿದರು. ಮಿನ್ನೆಸೋಟದ ಡುಲೂತ್ ಊರಿನಲ್ಲಿ ಎಲೆನ್ ಪೆನ್ಸ್ ಮತ್ತು ಸಂಗಡಿಗರು ಕಟ್ಟಿದ ಮಾದರಿ ಇದರಲ್ಲಿ ಹೆಸರಾಯಿತು. ಅವರ ವಾದದಲ್ಲಿ ರೋಗಕ್ಕೆ ಜಾಗವೇ ಇರಲಿಲ್ಲ. ಗಂಡಸು ಹೊಡೆಯುವುದು ಹಿಡಿತಕ್ಕಾಗಿ, ಆ ಹಿಡಿತ ತನ್ನ ಹಕ್ಕೆಂದು ಸಮಾಜ ಅವನಿಗೆ ಕಲಿಸಿದೆ. ಮನೋವಿಜ್ಞಾನಿಗಳಿಗೆ ಇದು ಅರ್ಧ ಸತ್ಯವಾಗಿ ಕಂಡಿತು. ಒಂದೇ ಬೀದಿಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬನಷ್ಟೇ ಯಾಕೆ ಹೊಡೆಯುತ್ತಾನೆ ಎಂಬುದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ.

1986ರಲ್ಲಿ ಹ್ಯಾಂಬರ್ಗರ್ ಮತ್ತು ಹೇಸ್ಟಿಂಗ್ಸ್ ಇಂಥ ಗಂಡಸರಿಗೆ ವ್ಯಕ್ತಿತ್ವ ಅಳೆಯುವ ಪ್ರಶ್ನಾವಳಿ ಕೊಟ್ಟು ನೋಡಿದರೆ, ಎಲ್ಲರೂ ಒಂದೇ ಅಚ್ಚಿನವರಾಗಿರಲಿಲ್ಲ. 1994ರಲ್ಲಿ ಆಮಿ ಹೋಲ್ಟ್ಸ್‌ವರ್ತ್-ಮನ್ರೋ ಮತ್ತು ಗ್ರೆಗರಿ ಸ್ಟುವರ್ಟ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಿಸಿ ಮೂರು ಬಗೆ ಗುರುತಿಸಿದರು. ಅವರ ಅಂದಾಜಿನಲ್ಲಿ ಅರ್ಧದಷ್ಟು ಜನ ಮನೆಯೊಳಗಷ್ಟೇ ಕೈ ಎತ್ತುವವರು. ಹೊರಗೆ ನೋಡಿದರೆ ಸಾಧು, ವ್ಯಕ್ತಿತ್ವ ದೋಷವೆಂಬುದು ಹೆಚ್ಚೇನೂ ಇಲ್ಲ. ಕಾಲು ಭಾಗ, ಮನಸ್ಸು ಸದಾ ಹೊಯ್ದಾಡುವ, ಸಂಶಯ ಮತ್ತು ಬಿಟ್ಟುಹೋಗುವ ಭಯ ತುಂಬಿಕೊಂಡ ‘ಬಾರ್ಡರ್‌ಲೈನ್’ ಲಕ್ಷಣದವರು. ಉಳಿದ ಕಾಲು ಭಾಗ ಮನೆಯಲ್ಲೂ ಬೀದಿಯಲ್ಲೂ ಬಡಿದಾಡುವ, ಪಶ್ಚಾತ್ತಾಪ ಗೊತ್ತಿಲ್ಲದ ಸಮಾಜವಿರೋಧಿಗಳು. 2000ದಲ್ಲಿ ಅವರೇ ಪರೀಕ್ಷಿಸಿದಾಗ ನಡುವೆ ನಾಲ್ಕನೆಯ ಗುಂಪೊಂದು ತಲೆಯೆತ್ತಿತು.

ಎರಡನೆಯ ಗುಂಪನ್ನು, ಅಂದರೆ ‘ಬಾರ್ಡರ್‌ಲೈನ್’ ಲಕ್ಷಣದವರನ್ನು, ಹತ್ತಿರದಿಂದ ನೋಡಿದವರು ಕೆನಡಾದ ವ್ಯಾಂಕೂವರ್‌ನ ಮನೋವಿಜ್ಞಾನಿ ಡೊನಾಲ್ಡ್ ಡಟನ್. ತಂದೆಯ ಕೈಯಲ್ಲಿ ಅವಮಾನ, ಮನೆಯಲ್ಲಿ ಕಂಡ ಹೊಡೆತ, ಅಮ್ಮನೊಡನೆ ಅಲುಗಾಡುವ ನಂಟು, ಈ ಮೂರೂ ಸೇರಿ ಬೆಳೆದ ಹುಡುಗನಿಗೆ ಮುಂದೆ ಹೆಂಡತಿ ಎದ್ದು ಹೋಗುವುದೆಂದರೆ ತಾನೇ ಇಲ್ಲವಾದಂತೆ. ಆ ಭಯ ಅವನಲ್ಲಿ ಕೋಪದ ವೇಷ ತೊಡುತ್ತದೆ ಎಂದರು ಡಟನ್. ಹೆಂಡತಿ ಬಿಟ್ಟುಹೋಗುವ ಹೊತ್ತೇ ಅವಳ ಜೀವಕ್ಕೆ ಹೆಚ್ಚು ಅಪಾಯದ್ದು ಎಂಬುದನ್ನು ಕೊಲೆಗಳ ಅಂಕಿಅಂಶಗಳೂ ತೋರಿಸುತ್ತವೆ.

ಎಲ್ಲಕ್ಕಿಂತ ಸದ್ದು ಮಾಡಿದ್ದು ಸಿಯಾಟಲ್‌ನ ಪ್ರಯೋಗ. ನೀಲ್ ಜೇಕಬ್‌ಸನ್ ಮತ್ತು ಜಾನ್ ಗಾಟ್‌ಮನ್ ಹಿಂಸೆ ಇದ್ದ ದಂಪತಿಗಳನ್ನು ಪ್ರಯೋಗಾಲಯದಲ್ಲಿ ಎದುರುಬದುರು ಕೂರಿಸಿ, ಮೈಗೆ ತಂತಿ ಜೋಡಿಸಿ, ಜಗಳದ ವಿಷಯವೊಂದನ್ನು ಮಾತಾಡಿ ಎಂದರು. ಹೆಚ್ಚಿನ ಗಂಡಸರ ಎದೆಬಡಿತ ನಿರೀಕ್ಷೆಯಂತೆ ಏರಿತು. ಸುಮಾರು ಐವರಲ್ಲಿ ಒಬ್ಬನ ಎದೆಬಡಿತ ಮಾತ್ರ ಇಳಿಯಿತು. ಬಾಯಲ್ಲಿ ಬೈಗುಳ, ಒಳಗೆ ತಣ್ಣಗೆ. ಇಂಥವರನ್ನು ನಾಗರಹಾವೆಂದೂ ಉಳಿದವರನ್ನು ಪಿಟ್‌ಬುಲ್ ನಾಯಿಯೆಂದೂ ಕರೆದರು. ಎರಡು ವರ್ಷ ಬಿಟ್ಟು ನೋಡಿದರೆ ‘ನಾಯಿ’ಗಳ ಸಂಸಾರಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮುರಿದಿದ್ದವು, ‘ಹಾವು’ಗಳ ಸಂಸಾರ ಒಂದೂ ಮುರಿದಿರಲಿಲ್ಲ. ಹೆಂಡತಿಯ ಹೆದರಿಕೆಗೆ ಇದಕ್ಕಿಂತ ಚೊಕ್ಕ ಪುರಾವೆ ಬೇಕೇ ಎನ್ನಿಸುವಂತಿತ್ತು. (ಹಾಲೆರೆಸಿಕೊಳ್ಳುವ ನಮ್ಮ ನಾಗಪ್ಪನಿಗೆ ಈ ಹೋಲಿಕೆ ಅನ್ಯಾಯವೇ. ಇರಲಿ.) ಟಿವಿಗೂ ಪತ್ರಿಕೆಗಳಿಗೂ ಹಬ್ಬವಾಯಿತು. ಆದರೆ 2001ರಲ್ಲಿ, ಮತ್ತೆ 2004ರಲ್ಲಿ, ಬೇರೆ ತಂಡಗಳು ಇದೇ ಪ್ರಯೋಗವನ್ನು ಮಾಡಿದಾಗ ಎದೆಬಡಿತದ ಲೆಕ್ಕ ಹೀಗೆ ಹೊಂದಲಿಲ್ಲ. ಆ ಸುದ್ದಿಗೆ ಅಷ್ಟು ಸದ್ದಿರಲಿಲ್ಲ. ಹಾವು-ನಾಯಿಯ ಕಥೆ ಇಂದಿಗೂ ಓಡುತ್ತಲೇ ಇದೆ.

ಹೆಚ್ಚು ಗಟ್ಟಿಯಾಗಿ ನಿಂತದ್ದು ನ್ಯೂಜಿಲೆಂಡಿನ ಡ್ಯುನಿಡಿನ್ ಅಧ್ಯಯನ. 1972-73ರಲ್ಲಿ ಆ ಊರಿನಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಸಂಶೋಧಕರು ಇಂದಿಗೂ ಹಿಂಬಾಲಿಸುತ್ತಿದ್ದಾರೆ. 18ರ ವಯಸ್ಸಿನಲ್ಲಿ ಅಳೆದ ಸ್ವಭಾವವನ್ನು 21ರಲ್ಲಿ ಸಂಗಾತಿಯೊಂದಿಗಿನ ನಡವಳಿಕೆಯ ಪಕ್ಕ ಇಟ್ಟು ಟೆರ್ರಿ ಮೊಫಿಟ್, ಅವ್ಶಲೋಮ್ ಕ್ಯಾಸ್ಪಿ ನೋಡಿದರು. ಬೇಗ ಸಿಡುಕುವ, ಎಲ್ಲರೂ ತನಗೆ ಕೆಟ್ಟದ್ದು ಬಗೆಯುತ್ತಿದ್ದಾರೆಂದು ಎಣಿಸುವ ಸ್ವಭಾವ ಮೊದಲೇ ಇದ್ದವರಲ್ಲಿ ಹೊಡೆತ ಹೆಚ್ಚಿತ್ತು, ಗಂಡಾಗಲಿ ಹೆಣ್ಣಾಗಲಿ. ಸಂಗಾತಿ ಸಿಗುವ ಮುನ್ನವೇ ಸ್ವಭಾವ ಅಳೆದಿದ್ದರಿಂದ, ‘ಅವಳೇ ಅವನನ್ನು ಹಾಗೆ ಮಾಡಿದಳು’ ಎಂಬ ವಾದಕ್ಕೆ ಇಲ್ಲಿ ಜಾಗವಿರಲಿಲ್ಲ.

‘ಹೆಣ್ಣಾಗಲಿ’ ಎಂಬ ಆ ಒಂದು ಪದದ ಸುತ್ತ ನಡೆದ ಜಗಳ ಇದಕ್ಕೂ ಹಳೆಯದು. ನ್ಯೂ ಹ್ಯಾಂಪ್‌ಶೈರ್‌ನ ಮರ್ರೆ ಸ್ಟ್ರಾಸ್ ಹಿಂಸೆಯನ್ನು ಎಣಿಸಲು ಒಂದು ಪ್ರಶ್ನಾವಳಿ ರೂಪಿಸಿದ್ದರು: ‘ಕಾನ್‌ಫ್ಲಿಕ್ಟ್ ಟ್ಯಾಕ್ಟಿಕ್ಸ್ ಸ್ಕೇಲ್’. ತಳ್ಳಿದಿರಾ, ಕಪಾಳಕ್ಕೆ ಹೊಡೆದಿರಾ, ಒದ್ದಿರಾ, ಎಷ್ಟು ಸಲ? 1975ರಲ್ಲಿ ಅಮೆರಿಕದ 2,143 ಕುಟುಂಬಗಳಲ್ಲಿ ಹೀಗೆ ಕೇಳಿದಾಗ ಎರಡೂ ಕಡೆಯ ಲೆಕ್ಕ ಹೆಚ್ಚುಕಡಿಮೆ ಸಮ ಬಂತು. ಹೊಡೆತಕ್ಕೂ ತಿರುಗಿ ಹೊಡೆದದ್ದಕ್ಕೂ ಒಂದೇ ಅಂಕ ಕೊಟ್ಟರೆ ಇನ್ನೇನಾದೀತು ಎಂದು ವಿರೋಧಿಗಳು ಸಿಡಿದರು. 1995ರಲ್ಲಿ ಸಮಾಜಶಾಸ್ತ್ರಜ್ಞ ಮೈಕೆಲ್ ಜಾನ್ಸನ್, ನೀವಿಬ್ಬರೂ ಬೇರೆ ಬೇರೆ ವಸ್ತುವನ್ನು ನೋಡುತ್ತಿದ್ದೀರಿ ಎಂದರು. ಜಗಳ ಮಿತಿಮೀರಿ ಕೈಗೆ ಬರುವುದು ಒಂದು. ಒಬ್ಬರನ್ನು ಹಿಡಿತದಲ್ಲಿಡಲು ಹೆದರಿಕೆ, ಹಣ, ಕಾವಲು, ಹೊಡೆತ ಎಲ್ಲವನ್ನೂ ಬಳಸುವುದು ಇನ್ನೊಂದು. ಮನೆಮನೆಯ ಸಮೀಕ್ಷೆಗೆ ಸಿಗುವುದು ಹೆಚ್ಚಾಗಿ ಮೊದಲನೆಯದು, ಆಶ್ರಯಧಾಮಕ್ಕೆ ಬರುವುದು ಎರಡನೆಯದು.

ಬಗೆ ಗೊತ್ತಾದರೆ ಮದ್ದೂ ಗೊತ್ತಾಗಬೇಕಿತ್ತು. 2004ರಲ್ಲಿ ಜೂಲಿಯಾ ಬ್ಯಾಬ್‌ಕಾಕ್ ಮತ್ತಿತರರು 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೊಡೆದವರನ್ನು ತಿದ್ದುವ ತರಗತಿಗಳ ಪರಿಣಾಮ ಬಹಳ ಸಣ್ಣದಾಗಿ ಕಂಡಿತು, ಡುಲೂತ್ ಮಾದರಿಯದ್ದೂ ಅಷ್ಟೇ, ಮನಶ್ಶಾಸ್ತ್ರದ ಮಾದರಿಯದ್ದೂ ಅಷ್ಟೇ. ಜೀವದ ಪ್ರಶ್ನೆ ಬಂದಾಗ ನರ್ಸ್ ಆಗಿದ್ದ ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 80ರ ದಶಕದಲ್ಲೇ ರೂಪಿಸಿದ ಅಪಾಯದ ಪಟ್ಟಿ ಹೆಚ್ಚು ಕೆಲಸಕ್ಕೆ ಬಂತು. ಅದು ಅವನ ವ್ಯಕ್ತಿತ್ವದ ಹೆಸರು ಕೇಳುವುದಿಲ್ಲ. ಕತ್ತು ಹಿಸುಕಿದ್ದಾನೆಯೇ, ಮನೆಯಲ್ಲಿ ಬಂದೂಕಿದೆಯೇ, ಕೊಲ್ಲುತ್ತೇನೆ ಅಂದಿದ್ದಾನೆಯೇ ಎಂದು ಕೇಳುತ್ತದೆ.

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನ ಕೊಳೆಗೇರಿಗಳಲ್ಲಿ 744 ಎಳೆಯ ವಿವಾಹಿತೆಯರನ್ನು ಮಾತಾಡಿಸಿದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊಡೆತ ಕಂಡವರು. ಸಂಘಕ್ಕೆ ಸೇರಿದವರು, ಕಸುಬಿನ ತರಬೇತಿ ಪಡೆದವರು, ಪ್ರೀತಿಸಿ ಮದುವೆಯಾದವರಲ್ಲಿ ಅದು ಕಡಿಮೆಯಿರಲಿಲ್ಲ, ಹೆಚ್ಚಿತ್ತು. ಹೆಜ್ಜೆ ಹೊರಗಿಟ್ಟವಳಿಗೆ ಬಿದ್ದ ಏಟನ್ನು ಗಂಡನ ಸ್ವಭಾವವೊಂದರಿಂದಲೇ ವಿವರಿಸುವುದು ನನಗಂತೂ ಕಷ್ಟ. ಎಲ್ಲರೂ ಒಪ್ಪುವ ಹೊಡೆತಕ್ಕೆ ಮನಸ್ಸು ಕೆಟ್ಟಿರಲೇಬೇಕೆಂದಿಲ್ಲ. ಯಾರೂ ಒಪ್ಪದ ಕಡೆ ಹೊಡೆಯುವವನಲ್ಲೇ ವ್ಯಕ್ತಿತ್ವ ದೋಷ ಎದ್ದು ಕಾಣುವುದು.

ಸ್ಟ್ರಾಸ್‌ರ ಆ ಅಳತೆಗೋಲು ತುಸು ಬದಲಾಗಿ ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಇದೆ. ಒಂದು ಮನೆಯಿಂದ ಒಬ್ಬಳೇ ಹೆಂಗಸನ್ನು ಆರಿಸಿ, ಯಾರೂ ಕಿವಿಗೊಡದ ಹೊತ್ತು ನೋಡಿ ಕೇಳುತ್ತಾರೆ: ತಳ್ಳಿದ್ದಾನೆಯೇ, ತೋಳು ತಿರುಚಿದ್ದಾನೆಯೇ, ಸುಟ್ಟಿದ್ದಾನೆಯೇ? 2015-16ರಲ್ಲಿ ಹೌದೆಂದವರು ಕರ್ನಾಟಕದಲ್ಲಿ 100ಕ್ಕೆ 20.6. ಮುಂದಿನ ಸುತ್ತಿನಲ್ಲಿ, 2019-21ರಲ್ಲಿ, ಅದು 44.4ಕ್ಕೆ ಏರಿ ದೇಶದ ರಾಜ್ಯಗಳಲ್ಲೇ ಮೊದಲಾಯಿತು. ಹೊಡೆತ ಹೆಚ್ಚಿತೋ ಹೇಳುವ ಬಾಯಿ ಹೆಚ್ಚಿತೋ ಎಂಬ ಚರ್ಚೆ ಆಗ ನಡೆಯಿತು.

ಅದೇ ಸಮೀಕ್ಷೆ ಗಂಡಸರನ್ನೂ ಮಾತಾಡಿಸುತ್ತದೆ. ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಸರಿಯಿಲ್ಲದಿದ್ದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ ಏಳು ಕಾರಣಗಳನ್ನು ಓದಿ, ಆಗ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಕೇಳುತ್ತದೆ. ಕರ್ನಾಟಕದ ಗಂಡಸರಲ್ಲಿ 100ಕ್ಕೆ 81.9ರಷ್ಟು ಮಂದಿ ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದರು. ಹೆಂಗಸರಲ್ಲೂ 76.9. ಇದಾದ ಮೇಲೆ ಕೇಳಬಹುದಾಗಿದ್ದ ಪ್ರಶ್ನೆ, ‘ನೀವು ಹೊಡೆದಿದ್ದೀರಾ?’ ಎನ್ನುವುದು, ಗಂಡಸರ ಫಾರಂನಲ್ಲಿ ಇಲ್ಲ.