ಸುವರ್ಣಗೆಡ್ಡೆ

ಸಂಸ್ಕೃತದ ‘ಸೂರಣ’, ತುಳುವಿನ ‘ಕೇನೆ’, ಮಲಯಾಳದ ‘ಚೇನ’, ತೆಲುಗಿನ ‘ಕಂದ’ ಎಲ್ಲವೂ ಇದೇ. ಕನ್ನಡದಲ್ಲಿ ಸೂರಣಗೆಡ್ಡೆ ಎಂದೂ ಸುವರ್ಣಗೆಡ್ಡೆ ಎಂದೂ ಹೇಳುತ್ತಾರೆ. ಕೆಸುವಿನ ಕುಟುಂಬದ ಗಿಡ. ಸಸ್ಯಶಾಸ್ತ್ರದ ಹೆಸರು ಅಮಾರ್ಫೊಫ್ಯಾಲಸ್ ಪಿಯೋನಿಫೋಲಿಯಸ್.

ಗೆಡ್ಡೆ ಎಂದರೆ ಬೇರು ಎನ್ನುವುದು ಸಾಮಾನ್ಯ ತಿಳಿವಳಿಕೆ. ಸಿಹಿಗೆಣಸಿಗೆ ಅದು ಸರಿ, ಸುವರ್ಣಗೆಡ್ಡೆಗೆ ಸಲ್ಲದು. ಇಲ್ಲಿ ನೆಲದೊಳಗಿನ ಗೆಡ್ಡೆಯೇ ಕಾಂಡ. ನೆಲದ ಮೇಲೆ ಹಾವಿನ ಮೈಯಂತೆ ಮಚ್ಚೆ ಮಚ್ಚೆಯಾಗಿ ನಿಂತಿರುವುದನ್ನು ದಂಟು ಎಂದುಕೊಳ್ಳುತ್ತೇವೆ, ಅದು ಬರಿಯ ಎಲೆತೊಟ್ಟು. ತುದಿಯಲ್ಲಿ ಕೊಡೆಯಂತೆ ಹರಡಿದ್ದೆಲ್ಲ ಸೇರಿ ಒಂದೇ ಎಲೆ. ವರ್ಷದ ಸಂಪಾದನೆಯೆಲ್ಲ ಆ ಎಲೆಯದ್ದು. ಅದು ಮುರಿದರೆ ಗೆಡ್ಡೆ ಸಣ್ಣದಾಗುತ್ತದೆ.

ಇನ್ನೊಂದು ವಿಶೇಷವಿದೆ. ನೆಟ್ಟ ಗೆಡ್ಡೆ ದಪ್ಪವಾಗುವುದಿಲ್ಲ. ಎಲೆಯನ್ನು ಹೊರಡಿಸಿ ತಾನು ಸೊರಗಿ ಸಿಪ್ಪೆಯಾಗುತ್ತದೆ. ಅದರ ತಲೆಯ ಮೇಲೆ ಹೊಸ ಗೆಡ್ಡೆ ಕಟ್ಟುತ್ತದೆ. ಬಹುವಾರ್ಷಿಕ ಎನ್ನುವುದು ಈ ಅರ್ಥದಲ್ಲಿ: ಗಿಡ ಒಂದೇ, ಗೆಡ್ಡೆ ಮಾತ್ರ ವರ್ಷಕ್ಕೊಂದು. ಬೇರುಗಳೂ ಗೆಡ್ಡೆಯ ಅಡಿಯಿಂದ ಬರುವುದಿಲ್ಲ, ಮೇಲ್ಭಾಗದಲ್ಲಿ ಮೊಳಕೆಯ ಸುತ್ತಲಿಂದ ಹೊರಟು ನೆಲದ ಮೇಲ್ಪದರದಲ್ಲೇ ಅಗಲಕ್ಕೆ ಹರಡುತ್ತವೆ. ಹಾಗಾಗಿ ಬುಡದಲ್ಲಿ ಗುದ್ದಲಿ ಆಳಕ್ಕೆ ಇಳಿಸಬಾರದು. ಕಳೆಯನ್ನು ಕೈಯಲ್ಲಿ ಕಿತ್ತು ಮಣ್ಣು ಏರಿಸಿದರೆ ಸಾಕು.

ಬಿತ್ತನೆಗೆ ಹೋಳು ಮಾಡುವಾಗ ತಪ್ಪಾಗುವುದು ಹೆಚ್ಚು. ಆಲೂಗಡ್ಡೆಯಂತೆ ಮೈತುಂಬ ಕಣ್ಣುಗಳಿಲ್ಲ, ಮುಖ್ಯ ಕಣ್ಣು ನಡುತಲೆಯಲ್ಲಿದೆ. ಮೇಲಿನಿಂದ ಕೆಳಕ್ಕೆ, ಪ್ರತಿ ಹೋಳಿಗೂ ಆ ಕಣ್ಣಿನ ಸುತ್ತಿನ ಒಂದು ಪಾಲು ಬರುವಂತೆ ಕತ್ತರಿಸಬೇಕು. ಅಡ್ಡ ಕೊಯ್ದರೆ ಕೆಳಗಿನ ತುಂಡು ಮಣ್ಣಲ್ಲಿ ಕೊಳೆಯುತ್ತದೆ, ಅಷ್ಟೆ. ಒಂದೊಂದು ಹೋಳು ಅರ್ಧ ಕಿಲೊದಿಂದ ಒಂದು ಕಿಲೊ ಇರಲಿ. ಸಗಣಿ ಬಗ್ಗಡಕ್ಕೆ ಟ್ರೈಕೋಡರ್ಮಾ ಎಂಬ, ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ ಬೆರೆಸಿ, ಅದರಲ್ಲಿ ಅದ್ದಿ, ಗಾಯ ಒಣಗುವವರೆಗೆ ನೆರಳಲ್ಲಿ ಹರವಬೇಕು.

ಗುಂಡಿ 60 ಸೆಂ.ಮೀ. ಉದ್ದಗಲ, 45 ಸೆಂ.ಮೀ. ಆಳ, ಗಿಡದಿಂದ ಗಿಡಕ್ಕೆ 90 ಸೆಂ.ಮೀ. ಮೇಲ್ಮಣ್ಣಿನ ಜೊತೆ ಎರಡು ಎರಡೂವರೆ ಕಿಲೊ ಕೊಟ್ಟಿಗೆ ಗೊಬ್ಬರ ಸೇರಿಸಿ, ಕಣ್ಣು ಮೇಲಾಗಿ ಇಟ್ಟು, ತರಗೆಲೆಯ ದಪ್ಪ ಹೊದಿಕೆ ಹಾಕುವುದು. ರಸಗೊಬ್ಬರ ಕೊಡುವುದಾದರೆ ಗುಂಡಿಗೆ ಒಟ್ಟು 17 ಗ್ರಾಂ ಯೂರಿಯಾ, 20 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್: ಅರ್ಧ ನೆಟ್ಟ 45 ದಿನಕ್ಕೆ, ಉಳಿದರ್ಧ ಮತ್ತೊಂದು ತಿಂಗಳಿಗೆ. ಸೂಪರ್ ಫಾಸ್ಫೇಟ್ 25 ಗ್ರಾಂ ಮೊದಲ ಕಂತಿನಲ್ಲೇ.

ಕಾಲ ಫೆಬ್ರುವರಿ, ಮಾರ್ಚ್. ಕುಂಭ ಮಾಸದಲ್ಲಿ ನೆಟ್ಟರೆ ಕೊಡದಷ್ಟು, ಮೀನದಲ್ಲಿ ನೆಟ್ಟರೆ ಮೀನಿನ ಕಣ್ಣಿನಷ್ಟು ಎಂದು ಕೇರಳದಲ್ಲಿ ಗಾದೆಯೇ ಇದೆ. ಉತ್ಪ್ರೇಕ್ಷೆ ಇರಲಿ, ಲೆಕ್ಕ ಸರಿ. ಮಳೆಗಾಲ ಹಿಡಿಯುವ ಹೊತ್ತಿಗೆ ಎಲೆ ಬಿಚ್ಚಿರಬೇಕು.

ಅಡಿಕೆ, ತೆಂಗಿನ ತೋಟದ ನೆರಳಿಗೆ ಇದು ಒಗ್ಗುತ್ತದೆ. ತೆಂಗಿನ ಬುಡದಿಂದ ಎರಡು ಮೀಟರ್ ಬಿಟ್ಟು ನೆಡುವುದು ರೂಢಿ. ಆದರೆ ಒಗ್ಗುವ ನೆರಳು ಬಿಸಿಲು ಸೋಸಿ ಬರುವಂಥದ್ದು. ಕತ್ತಲೆಗಟ್ಟಿದ ಜಾಗದಲ್ಲಿ ತೊಟ್ಟು ಬಡಕಲಾಗಿ ಉದ್ದಕ್ಕೆ ಹೋಗುತ್ತದೆ, ಗಾಳಿಗೆ ಮುರಿಯುತ್ತದೆ.

ಮಳೆಗಾಲದ ದೊಡ್ಡ ಶತ್ರು ಬುಡಕೊಳೆ. ಸ್ಕ್ಲೆರೋಶಿಯಂ ಎಂಬ ಶಿಲೀಂಧ್ರ ನೆಲಮಟ್ಟದಲ್ಲಿ ತೊಟ್ಟನ್ನು ತಿನ್ನುತ್ತದೆ. ಬಿಳಿ ನೂಲು, ನಡುನಡುವೆ ಸಾಸಿವೆಯಂಥ ಕಂದು ಕಾಳು ಕಂಡರೆ ಅದೇ. ನೀರು ನಿಂತಲ್ಲಿ, ಕಳೆ ತೆಗೆಯುವಾಗ ಕತ್ತಿ ತಗುಲಿದಲ್ಲಿ ಬೇಗ ಹತ್ತುತ್ತದೆ. ಬಿದ್ದ ಗಿಡವನ್ನು ಸುತ್ತಲ ಮಣ್ಣಿನೊಂದಿಗೆ ತೆಗೆದು ದೂರ ಹಾಕಿ, ಬಸಿಗಾಲುವೆ ಬಿಡಿಸಬೇಕು. ಎಲೆ ಬಣ್ಣಬಣ್ಣವಾಗಿ ಮುದುಡಿದ್ದರೆ ಅದು ಮೊಸಾಯಿಕ್ ವೈರಸ್. ಅಂಥ ಗಿಡದ ಗೆಡ್ಡೆಯನ್ನು ಬೀಜಕ್ಕೆ ಇಡಬಾರದು.

ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಹುಣಸೆಹುಳಿ, ಮಜ್ಜಿಗೆ ಹಾಕಿ ಬೇಯಿಸುವುದು ಇದಕ್ಕೇ. ಹೆಚ್ಚುವ ಮುನ್ನ ಕೈಗೆ ಎಣ್ಣೆ ಸವರಿಕೊಳ್ಳಬೇಕು. ಆಂಧ್ರದ ಕೊವ್ವೂರು ಮೂಲದ ‘ಗಜೇಂದ್ರ’ ತಳಿಗೆ ತುರಿಕೆಯಿಲ್ಲ, ಮರಿಗೆಡ್ಡೆಯೂ ಅಪರೂಪ.

ಎಂಟೊಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ಮಲಗಿದರೆ ಅಗೆಯಬಹುದು. ಹಸಿರಿರುವಾಗಲೇ ಕಿತ್ತ ಗೆಡ್ಡೆ ಬಹಳ ದಿನ ತಾಳದು. ಬೀಜದ ಗೆಡ್ಡೆಯನ್ನು ಒಂದರ ಮೇಲೊಂದು ಪೇರಿಸದೆ, ಗಾಳಿಯಾಡುವ ನೆರಳಲ್ಲಿ ಒಂದೇ ಸಾಲಾಗಿ ಇಡಬೇಕು. ಕಣ್ಣಿನ ಸುತ್ತ ಹತ್ತಿಯಂತೆ ಬೆಳ್ಳಗೆ ಕಂಡರೆ ಹಿಟ್ಟುತಿಗಣೆ, ಉಜ್ಜಿ ತೆಗೆಯಿರಿ. ಅಗೆಯದೆ ಮಣ್ಣಲ್ಲೇ ಉಳಿದ ದೊಡ್ಡ ಗೆಡ್ಡೆ ಕೆಲವೊಮ್ಮೆ ಎಲೆಗೆ ಮೊದಲು ಹೂ ಬಿಡುತ್ತದೆ. ಆಗ ತೋಟದಲ್ಲಿ ಇಲಿ ಸತ್ತಿದೆಯೇ ಎಂದು ಹುಡುಕಬೇಡಿ. ಆ ನಾತ ಹೂವಿನದೇ, ಜೀರುಂಡೆಗಳನ್ನು ಕರೆಯಲು.