ಕಿಟ್‌ಗೆ ದುಡ್ಡಿದೆ, ಟಂಟಂಗೆ ಇಲ್ಲ

ವಾರಕ್ಕೆ ಒಬ್ಬರಾದರೂ ಫೋನ್ ಮಾಡುತ್ತಾರೆ. "ಸರ್, ರೊಬೊಟಿಕ್ಸ್ ಕಿಟ್‌ದು ಕೊಟೇಶನ್ ಬಂದದ. ಒಂದು ಪ್ರಪೋಸಲ್ ಬರೆದು ಕೊಡ್ರಿ." ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸಣ್ಣ ಸಂಸ್ಥೆಗಳಿಗೆ ಕಂಪನಿ, ದಾನಿಗಳ ಹತ್ತಿರ ಹಣ ಕೇಳುವ ಪ್ರಪೋಸಲ್, ಬಜೆಟ್ ಬರೆದುಕೊಡುವುದು ನನ್ನ ಕೆಲಸ. ಕಿಟ್ ಬಗ್ಗೆ ಆಮೇಲೆ ಮಾತಾಡೋಣ ಅಂತೀನಿ. ಮೊದಲು ಎರಡೇ ಪ್ರಶ್ನೆ. ಕ್ಲಾಸ್ ಎಷ್ಟಕ್ಕೆ ಬಿಡುತ್ತೀರಿ? ತಾಂಡಾದ ಹುಡುಗಿ ಮನೆಗೆ ಹೇಗೆ ಹೋಗುತ್ತಾಳೆ? ಅಲ್ಲಿಗೆ ಆ ಕಡೆ ಮಾತು ನಿಲ್ಲುತ್ತದೆ.

ಈ ಪ್ರಶ್ನೆ ನಾನು ಪೆಟ್ಟು ತಿಂದು ಕಲಿತದ್ದು. ನನ್ನ ಮೊದಲ ವಿಜ್ಞಾನ ಪ್ರಪೋಸಲ್ ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ. 30 ಕಿಟ್, ಕಲಿಸುವವರ ಸಂಬಳ, ಕಪಾಟು, ದಾನಿಗಳ ಹೆಸರಿನ ಬೋರ್ಡು ಎಲ್ಲ ಬರೆದಿದ್ದೆ. ಕ್ಲಾಸ್ ಸಂಜೆ ನಾಲ್ಕೂವರೆಯಿಂದ ಆರರವರೆಗೆ. ತಾಂಡಾ ಕಡೆಗೆ ಹೋಗುವ ಕೊನೆಯ ಬಸ್ಸು ಐದಕ್ಕೆ. ಮೊದಲ ವಾರ 14 ಹುಡುಗಿಯರು ಬಂದರು, ಮೂರನೇ ವಾರಕ್ಕೆ ಉಳಿದದ್ದು 3. ಹುಡುಗರು ಹೇಗೋ ಯಾರದೋ ಬೈಕ್ ಹತ್ತಿ ಹೋಗುತ್ತಿದ್ದರು. ವರ್ಷದ ಕೊನೆಗೆ ವರದಿಯಲ್ಲಿ "ವಿದ್ಯಾರ್ಥಿನಿಯರಲ್ಲಿ ಆಸಕ್ತಿ ಕಡಿಮೆ" ಅಂತ ಬಂತು. ಬರೆದವನು ನಾನೇ. ಕಡಿಮೆ ಇದ್ದದ್ದು ಬಸ್ಸು.

ಇನ್ನೊಂದು ಶಾಲೆಯಲ್ಲಿ ಬ್ಯಾಟರಿ, ವೈರ್, ಸಣ್ಣ ಎಲ್‌ಇಡಿ ಕೊಟ್ಟು ಸರ್ಕ್ಯೂಟ್ ಜೋಡಿಸುವ ಪಾಠ ನಡೆಯುತ್ತಿತ್ತು. ಕಣ್ಣು ಕಾಣದ ಒಬ್ಬ ಹುಡುಗ ಬೆರಳಲ್ಲೇ ಸವರಿ ವೈರ್ ಸೇರಿಸಿದ. ಪ್ರತಿ ಸಲ ಪಕ್ಕದವನನ್ನು ಕೇಳುತ್ತಿದ್ದ: "ಹತ್ತ್ಯಾದೇನೋ?" ಕೆಲಸ ಅವನದು, ಆಗಿದೆಯೋ ಇಲ್ಲವೋ ಹೇಳುವವನು ಬೇರೆ. ಮುಂದಿನ ವಾರ ಎಲ್‌ಇಡಿ ಬದಲು ಬಜರ್ ತಂದೆವು. ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಬಜರ್‌ಗೂ ಪ್ಲಸ್, ಮೈನಸ್ ಇರುತ್ತದೆ, ತಿರುವು ಮುರುವು ಹಾಕಿದರೆ ಸದ್ದು ಬರುವುದಿಲ್ಲ. ಬರಲಿಲ್ಲ. ತಾನೇ ವೈರ್ ಬಿಚ್ಚಿ ಬದಲಿಸಿದ, ಕೀಂ ಅಂತು. ಸೆಲ್ ಇಳಿದಾಗ ಸದ್ದು ಸಣ್ಣದಾದದ್ದನ್ನು ಇಡೀ ಕ್ಲಾಸಿಗೆ ಮೊದಲು ಹೇಳಿದವನೂ ಅವನೇ. ಆಮೇಲೆ ಉಳಿದವರೂ ನಮಗೂ ಬಜರ್ ಬೇಕು ಅಂತ ಗಂಟು ಬಿದ್ದರು. ತಲೆನೋವು ಬಂದದ್ದು ನಮಗೆ, ನಿಜವಾಗಿಯೂ.

ಹಾಗಾಗಿ ಪ್ರಪೋಸಲ್‌ನಲ್ಲಿ "ಎಲ್ಲರನ್ನೂ ಒಳಗೊಂಡ ಕಲಿಕೆ" ಅಂತ ಸುಮ್ನೆ ಬರೆದರೆ ಆಗಲ್ಲ. ಅದು ಬಜೆಟ್‌ನ ಯಾವ ಸಾಲಿನಲ್ಲಿದೆ ತೋರಿಸಬೇಕು. ಬಜರ್, ಮಕ್ಕಳನ್ನು ಮನೆಗೆ ಬಿಡುವ ಟಂಟಂ (ಶೇರ್ ಆಟೊ) ಬಾಡಿಗೆ, ಕಿವಿ ಕೇಳದ ಮಕ್ಕಳಿದ್ದರೆ ಸನ್ನೆ ಭಾಷೆ ಬಲ್ಲವರ ದಿನಗೂಲಿ, ಬೀದರ್‌ನ ಉರ್ದು ಶಾಲೆಯಾದರೆ ಉರ್ದುವಿನಲ್ಲಿ ಪಾಠದ ಹಾಳೆ. ಎಷ್ಟು ಮಕ್ಕಳಿಗೆ ಅಂತಲೂ ಬೇಕು. ಅದಕ್ಕೆ ತಾಲ್ಲೂಕಿನ ಬಿಆರ್‌ಸಿಗೆ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಹೋಗಿ ಬಿಐಇಆರ್‌ಟಿ, ಅಂದರೆ ಇಂಥ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ವಿಶೇಷ ಅಗತ್ಯದ ಮಕ್ಕಳು ಯಾವ ಶಾಲೆಯಲ್ಲಿ ಎಷ್ಟಿದ್ದಾರೆ ಅನ್ನುವ ಪಟ್ಟಿ ಅವರ ಹತ್ತಿರ ಇರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಗುರುತಿಸುತ್ತದೆ. ನಮ್ಮ ಪ್ರಪೋಸಲ್‌ಗಳಲ್ಲಿ ಕಾಣುವುದು ಒಂದೇ, ವೀಲ್‌ಚೇರ್ ಚಿತ್ರ.

ಇನ್ನು ದುಡ್ಡಿನ ಮಾತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಕೆಲಸಕ್ಕೆ ಕೊಡಬೇಕು. ತಾನಿರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಇದೆ. ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ಯಾದಗಿರಿಯಲ್ಲಿ ಕಡೇಚೂರು ಕೈಗಾರಿಕಾ ಪ್ರದೇಶ ಇದೆ. ಬೆಂಗಳೂರಿಗೆ ಮೇಲ್ ಹಾಕುವ ಮೊದಲು ಅಲ್ಲಿ ಹೋಗಿ ಬನ್ನಿ. ಪ್ರಪೋಸಲ್‌ನಲ್ಲಿ ಅದೇ ಕಾಯ್ದೆಯ ಏಳನೇ ಅನುಸೂಚಿಯ ಎರಡನೇ ಕಲಂ ಅಂತ ಹೆಸರಿಟ್ಟು ಬರೆಯಿರಿ, ಅದು ಶಿಕ್ಷಣದ ಕಲಂ, ವಿಶೇಷ ಶಿಕ್ಷಣವೂ ಅದರಲ್ಲೇ ಬರುತ್ತದೆ. ಸಂಸ್ಥೆಗೆ 3 ವರ್ಷದ ಕೆಲಸದ ಅನುಭವ, ಆದಾಯ ತೆರಿಗೆಯ 12ಎ, 80ಜಿ, ಜೊತೆಗೆ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು. ಇವಿಲ್ಲದಿದ್ದರೆ ಮಾತು ಗೇಟಿನಲ್ಲೇ ಮುಗಿಯುತ್ತದೆ.

ಒಂದು ತಪ್ಪು ತಿಳಿವಳಿಕೆ ಜಾಸ್ತಿ ಹಬ್ಬಿದೆ. "ಆಡಳಿತ ವೆಚ್ಚ ಶೇ 5 ದಾಟಬಾರದು, ಸಂಬಳ ತೆಗೆಯಿರಿ" ಅನ್ನುತ್ತಾರೆ. ಆ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿನದು. ಯೋಜನೆ ರೂಪಿಸುವುದು, ನಡೆಸುವುದು, ಮೇಲ್ವಿಚಾರಣೆ, ಇವೆಲ್ಲ ಅದರ ಹೊರಗೆ. ಕಲಿಸುವವರ ಸಂಬಳ ಯೋಜನೆಯ ಖರ್ಚೇ, ಧೈರ್ಯವಾಗಿ ಬರೆಯಿರಿ. ಇನ್ನೂ ತಕರಾರು ಬಂದರೆ ನಾನು ಶಾಲೆಗಳಿಗೆ ಕೇಂದ್ರ ಸರ್ಕಾರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ಲೆಕ್ಕ ಹೇಳುತ್ತೇನೆ. ಒಂದು ಶಾಲೆಗೆ 20 ಲಕ್ಷ. ಅದರಲ್ಲಿ 10 ಲಕ್ಷ ಸಾಮಾನಿಗೆ, ಇನ್ನು 10 ಲಕ್ಷ 5 ವರ್ಷ ನಡೆಸಲಿಕ್ಕೆ. ಸರ್ಕಾರವೇ ಅರ್ಧ ಇಟ್ಟಿದೆ ಅಲ್ವಾ?

ಕಾಲದ್ದೂ ಒಂದು ಗೋಳಿದೆ. ಕಂಪನಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರುವರಿಯಲ್ಲಿ ಫೋನ್ ಬರುತ್ತದೆ, ಹಣ ಇದೆ, ಬೇಗ ಖರ್ಚು ಮಾಡಿ ಅಂತ. ಆಗ ಎಸ್ಸೆಸ್ಸೆಲ್ಸಿ ಮಕ್ಕಳು ಪರೀಕ್ಷೆಯ ಗಡಿಬಿಡಿಯಲ್ಲಿ. ತೊಗರಿ ರಾಶಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದ್‌ಗೆ ಗುಳೆ ಹೋದ ಮನೆಗಳ ಮಕ್ಕಳು ಊರಲ್ಲೇ ಇಲ್ಲ. ಆ ಅವಸರದಲ್ಲಿ ಕೊಳ್ಳಲು ಆಗುವುದು ಪೆಟ್ಟಿಗೆಗಳನ್ನು ಮಾತ್ರ. ಕಪಾಟಿಗೆ ಬೀಗ ಬೀಳುತ್ತದೆ, ಜೂನ್‌ನಲ್ಲಿ ತೆಗೆದಾಗ ಸೆಲ್ ಸೋರಿರುತ್ತದೆ. ಇದಕ್ಕೆ ಕಾಯ್ದೆಯಲ್ಲೇ ದಾರಿ ಇದೆ. ಆರಂಭದ ವರ್ಷ ಬಿಟ್ಟು ಇನ್ನೂ 3 ವರ್ಷದವರೆಗೆ "ಮುಂದುವರಿಯುವ ಯೋಜನೆ" ಅಂತ ಒಪ್ಪಿಗೆ ಪಡೆಯಬಹುದು. ಆಗ ಉಳಿದ ಹಣವನ್ನು ಕಂಪನಿ ಪ್ರತ್ಯೇಕ ಖಾತೆಯಲ್ಲಿ ಇಡುತ್ತದೆ. ನಾನು ಬರೆಯುವ ವೇಳಾಪಟ್ಟಿ ಜೂನ್‌ನಿಂದ ಡಿಸೆಂಬರ್.

ಟಂಟಂ ಸಾಲನ್ನು ಇವತ್ತಿಗೂ ಯಾರಾದರೂ ಹೊಡೆದುಹಾಕುತ್ತಾರೆ. ಡ್ರೈವರ್ ಬಿಲ್ ಕೊಡಲ್ಲ, ಆಡಿಟ್‌ನಲ್ಲಿ ನಿಲ್ಲಲ್ಲ ಅನ್ನುವುದು ಕಾರಣ. ಅದಕ್ಕೆ ನಾವೇ ವೋಚರ್ ಪುಸ್ತಕ ಅಚ್ಚು ಹಾಕಿಸಿದೆವು. ತಾರೀಖು, ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ, ಎಷ್ಟು ಮಕ್ಕಳು, ಡ್ರೈವರ್ ಸಹಿ. ಹಣ ಅವನ ಫೋನಿಗೇ ಹೋಗುತ್ತದೆ. ಕೆಳಗಿನ ಸಾಲಿನಲ್ಲಿ ಕೊನೆಗೆ ಇಳಿದ ಹುಡುಗಿಯ ಸಹಿ, ಪಕ್ಕದಲ್ಲಿ ಇಳಿದ ಹೊತ್ತು.